ಮದುವೆ ವಿಡಿಯೋದಲ್ಲಿ ಎಲ್ಲರೂ ದಪ್ಪ ಕಾಣಿಸುತ್ತಾರೆ. ಮತ್ತೆ ರೆಂಡರ್ ಮಾಡದೆ ಸರಿಮಾಡಬಹುದಾ?

ಹಿನ್ನೀರಿನಾಚೆ
ಶನಿವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

2003ರ ಮೇ ತಿಂಗಳಲ್ಲಿ ಅಕ್ಕನ ಮದುವೆ ಆಯಿತು. ಸಾಗರದ ಹತ್ತಿರ ನಮ್ಮ ಮನೆಯಂಗಳದಲ್ಲೇ ಚಪ್ಪರ ಹಾಕಿ ಮಾಡಿದ ಮದುವೆ. ಐದು ಮಿನಿಡಿವಿ ಕ್ಯಾಸೆಟ್ ತುಂಬಿತ್ತು. ಆಗ ಮಾಡಿಸಿದ ಸಿಡಿ ನೆಂಟರ ಮನೆಗಳನ್ನೆಲ್ಲ ಸುತ್ತಿ ಎಲ್ಲೋ ಕಾಣೆಯಾಯಿತು. ಕ್ಯಾಸೆಟ್ಟುಗಳು ಮಾತ್ರ ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಬೆಚ್ಚಗೆ ಕೂತಿದ್ದವು. ಹೋದ ತಿಂಗಳು ಅವನ್ನು ಬೆಂಗಳೂರಿಗೆ ತಂದು ಒಂದು ಅಂಗಡಿಗೆ ಕೊಟ್ಟೆ. ಪೆನ್‌ಡ್ರೈವ್‌ನಲ್ಲಿ ಐದು ಎಂಪಿ4 ಫೈಲ್ ಮಾಡಿಕೊಟ್ಟರು. ಒಂದೊಂದೂ ಸುಮಾರು 3.2 ಜಿಬಿ.

ಹಾಕಿ ನೋಡಿದರೆ ಎಲ್ಲರೂ ಅಡ್ಡಡ್ಡ ಹಿಗ್ಗಿದ್ದಾರೆ. ನಮ್ಮ ಅಪ್ಪಯ್ಯ ಜೀವಮಾನದಲ್ಲಿ 55 ಕೆಜಿ ದಾಟಿದವರಲ್ಲ. ಧಾರೆ ಎರೆಯುವ ಹೊತ್ತಿಗೆ ಅವರ ಭುಜ ನೋಡಿದರೆ ಗರಡಿಮನೆಯಿಂದ ನೇರ ಎದ್ದು ಬಂದ ಹಾಗಿದೆ. ಅಪ್ಪಯ್ಯ ಹೋಗಿ ಎಂಟು ವರ್ಷ ಆಯಿತು. ಅಮ್ಮ ಟೀವಿ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು, "ಇದ್ಯಾರೇ, ಅವರ ತಮ್ಮನಾ?" ಅಂದರು. ನನಗೆ ನಗು ಬಂತು, ಆಮೇಲೆ ಸಂಕಟವೂ ಆಯಿತು.

ಅಂಗಡಿಗೆ ಫೋನ್ ಮಾಡಿದರೆ "ಟೇಪಿನಲ್ಲೇ ಹಾಗಿದೆ ಮೇಡಂ, ಬೇಕಾದರೆ ಮತ್ತೆ ರೆಂಡರ್ ಮಾಡಬೇಕು, ಟೇಪಿಗೆ ಇಷ್ಟು ಅಂತ ಬೇರೆ ಚಾರ್ಜ್" ಅಂದರು. ನಾನೇ ರೆಂಡರ್ ಮಾಡಿ, ಅಂದರೆ ಇಡೀ ಚಿತ್ರವನ್ನು ಹೊಸದಾಗಿ ಮತ್ತೆ ಬರೆಸಿ ನೋಡೋಣ ಅಂತ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಟೇಪ್ ಹಾಕಿದೆ. ನನ್ನ ಹಳೇ ಲ್ಯಾಪ್‌ಟಾಪ್ ಐದು ಗಂಟೆ ಬುಸುಗುಟ್ಟಿತು. ಬಂದ ಫೈಲ್ ಆಕಾರದಲ್ಲಿ ಸರಿ ಇತ್ತು. ಆದರೆ ಮುಖಗಳ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಒಂದು ಮಬ್ಬು. ಸೀರೆ ಅಂಚಿನ ಜರಿ ಪೂರ್ತಿ ಹೋಗಿದೆ.

ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ಸಾಫ್ಟ್‌ವೇರ್‌ನಲ್ಲಿ ನೋಡಿದೆ: ಅಗಲ 720, ಎತ್ತರ 576, ಸೆಕೆಂಡಿಗೆ 25 ಫ್ರೇಮ್, ಚಿತ್ರ ಅಡಕ ಮಾಡಿದ ಬಗೆ ಎಚ್264. ಡಿಸ್‌ಪ್ಲೇ ಆಸ್ಪೆಕ್ಟ್ ರೇಶಿಯೋ, ಅಂದರೆ ತೆರೆ ಮೇಲೆ ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ, ಅನ್ನುವಲ್ಲಿ 16:9 ಅಂತಿದೆ. ಈ ಒಂದು ಸಾಲನ್ನು ಮಾತ್ರ ತಿದ್ದೋಕೆ ಆಗಲ್ವಾ? ಐದು ಟೇಪಿಗೆ ಇಪ್ಪತ್ತೈದು ಗಂಟೆ ರೆಂಡರ್ ಮಾಡಿ ಕೆಡಿಸೋಕೆ ಮನಸ್ಸಿಲ್ಲ.

ಜೊತೆಗೆ ಇನ್ನೊಂದು. ಅಜ್ಜಿ ಮಡಕೆ ಮೇಲೆ ತೊಡೆದೇವು ಅನ್ನುವ ಸಿಹಿ ಮಾಡುವುದನ್ನು ಮೊಬೈಲಿನಲ್ಲಿ ತೆಗೆದ ಮೂರು ನಿಮಿಷದ ವಿಡಿಯೋ ಇದೆ. ಅದು ಪೂರ್ತಿ ಅಡ್ಡ ಮಲಗಿದೆ. ಮಡಕೆ ಗೋಡೆಗೆ ಅಂಟಿಸಿದ ಹಾಗೆ ಕಾಣುತ್ತದೆ. ನಾನು ಫೋನ್ ನೆಟ್ಟಗೇ ಹಿಡಿದಿದ್ದೆ, ದೇವರಾಣೆ.

ಬೈಟು ಕಾಫಿ
ಶನಿವಾರ, ರಾತ್ರಿ 10.52

ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿ, ಕೀಬೋರ್ಡ್‌ನಲ್ಲಿ ಎ ಒತ್ತುತ್ತಾ ಹೋಗಿ. 16:9, 4:3 ಅಂತ ಒಂದೊಂದೇ ಬರುತ್ತದೆ. 4:3 ಬಂದಾಗ ನಿಲ್ಲಿಸಿ. ಮುಗೀತು.

ಹಿನ್ನೀರಿನಾಚೆ
ಶನಿವಾರ, ರಾತ್ರಿ 11.05

ಥ್ಯಾಂಕ್ಸ್, ನೋಡಿದೆ. 4:3 ಹಾಕಿದರೆ ಅಪ್ಪಯ್ಯ ಅಪ್ಪಯ್ಯನೇ! ಆದರೆ ಮುಚ್ಚಿ ಮತ್ತೆ ತೆರೆದರೆ ಮತ್ತೆ ಪೈಲ್ವಾನ. ಅಮ್ಮನಿಗೆ ಊರಿನಲ್ಲಿ ಟೀವಿಗೆ ಪೆನ್‌ಡ್ರೈವ್ ಚುಚ್ಚಿಕೊಡಬೇಕು. ಅವರು ಎ, ಬಿ ಅಂತ ಒತ್ತುತ್ತಾ ಕೂರುವುದಿಲ್ಲ. ಫೈಲಿನಲ್ಲೇ ಸರಿಯಾಗಿ ಕೂರಬೇಕು.

ಗುಡ್ಡದ ಗಾಳಿ
ಶನಿವಾರ, ರಾತ್ರಿ 11.20

ಹ್ಯಾಂಡ್‌ಬ್ರೇಕ್ ಅಂತ ವಿಡಿಯೋ ಸಾಫ್ಟ್‌ವೇರ್ ಇದೆ, ಅದನ್ನು ಹಾಕಿ, ಫ್ರೀ ಇದೆ. ಡೈಮೆನ್ಶನ್ಸ್ ಅನ್ನೋ ಕಡೆ ಬದಲಾಯಿಸಿದರೆ ಆಯಿತು. ನಾನು ಎಲ್ಲದಕ್ಕೂ ಅದನ್ನೇ ಬಳಸೋದು.

ಸ್ಕೋಪ್ ಲೆನ್ಸ್
ಭಾನುವಾರ, ಬೆಳಿಗ್ಗೆ 6.15

ಹ್ಯಾಂಡ್‌ಬ್ರೇಕ್ ಬೇಡ. ಒಳ್ಳೆಯ ಸಾಫ್ಟ್‌ವೇರೇ, ಆದರೆ ಅದಕ್ಕೆ ಬರುವುದು ಒಂದೇ ಕೆಲಸ. ಚಿತ್ರವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವುದು. ಈ ತಂಗಿ ಬೇಡ ಅನ್ನುತ್ತಿರುವುದೂ ಅದನ್ನೇ ಅಲ್ವಾ.

ತಂಗೀ, ನಿಮ್ಮ ಊಹೆ ಸರಿ. ಒಂದು ಸಾಲು ತಿದ್ದಿದರೆ ಸಾಕು. ಯಾಕೆ ಅಂತ ಹೇಳಿಬಿಡುತ್ತೇನೆ, ಆಗ ಮುಂದೆ ನೀವೇ ನಿಭಾಯಿಸಬಹುದು.

ನಾನು ಹುಡುಗನಾಗಿದ್ದಾಗ ಹಿರಿಯೂರು ಕಡೆ ಒಂದು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಕೈಕೆಳಗೆ ಇದ್ದೆ. ಸ್ಕೋಪ್ ಚಿತ್ರ ಬಂದರೆ ರೀಲಿನ ಮೇಲೆ ಚಿತ್ರ ಅಡ್ಡಕ್ಕೆ ಅರ್ಧ ಅಮುಕಿರುತ್ತಿತ್ತು. ಪ್ರೊಜೆಕ್ಟರ್ ಮುಂದೆ ಇನ್ನೊಂದು ಲೆನ್ಸ್ ಹಾಕಿದರೆ ಅದು ಎರಡರಷ್ಟು ಅಗಲಕ್ಕೆ ಹಿಗ್ಗಿ ಪರದೆ ತುಂಬುತ್ತಿತ್ತು. ಒಂದು ದಿನ ಆ ಲೆನ್ಸ್ ಹಾಕುವುದನ್ನು ನಾನು ಮರೆತೆ. ಹೀರೋ ತೆಂಗಿನ ಮರದ ಹಾಗೆ ಉದ್ದಕ್ಕೆ ನಿಂತ. ನೆಲದಲ್ಲಿ ಕೂತವರು ಹಾಕಿದ ಶಿಳ್ಳೆ ಈಗಲೂ ಕಿವಿಯಲ್ಲಿದೆ. ಆಪರೇಟರ್ ಕೊಟ್ಟ ಏಟೂ ನೆನಪಿದೆ. ಆದರೆ ರೀಲಿಗೆ ಏನೂ ಆಗಿರಲಿಲ್ಲ ನೋಡಿ. ಲೆನ್ಸ್ ಹಾಕಿದ ತಕ್ಷಣ ಎಲ್ಲ ಸರಿಹೋಯಿತು.

ನಿಮ್ಮ ಫೈಲ್‌ನಲ್ಲಿ ಆಗಿರುವುದು ಅದರ ತಿರುಗುಮುರುಗು. ಬೇಡದ ಲೆನ್ಸನ್ನು ಹಾಕಿಟ್ಟಿದ್ದಾರೆ.

ನಮ್ಮ ದೇಶದ ಮಿನಿಡಿವಿ ಅಂದರೆ ಪಾಲ್ ಅನ್ನುವ ಟೀವಿ ಪದ್ಧತಿಯದು. ಅದರಲ್ಲಿ ಚಿತ್ರ ಯಾವಾಗಲೂ 720 ಚುಕ್ಕಿ (ಪಿಕ್ಸೆಲ್) ಅಗಲ, 576 ಎತ್ತರ. ಹಳೇ ಡಬ್ಬಾ ಟೀವಿಯ ಆಕಾರದಲ್ಲಿ ತೆಗೆದರೂ ಅಷ್ಟೇ, ಕ್ಯಾಮೆರಾದಲ್ಲಿ ವೈಡ್ ಅಂತ ಒತ್ತಿ ತೆಗೆದರೂ ಅಷ್ಟೇ ಚುಕ್ಕಿ. ಆ ಚುಕ್ಕಿಗಳನ್ನು ಎಷ್ಟು ಅಗಲಕ್ಕೆ ಹರಡಬೇಕು ಅಂತ ಹೇಳುವುದು ಪಕ್ಕದಲ್ಲಿ ಬರೆದ ಒಂದು ಗುರುತು ಮಾತ್ರ. 4:3 ಅಂದರೆ ಪ್ಲೇಯರ್ ಅದನ್ನು 768 ಅಗಲಕ್ಕೆ ತೋರಿಸುತ್ತದೆ. 16:9 ಅಂದರೆ 1024ಕ್ಕೆ ಎಳೆಯುತ್ತದೆ. ಸಾಸಿವೆ ಡಬ್ಬಿ ಮೇಲೆ ಜೀರಿಗೆ ಅಂತ ಚೀಟಿ ಅಂಟಿಸಿದ್ದಾರೆ, ಅಷ್ಟೇ. ಚೀಟಿ ಕಿತ್ತು ಬೇರೆ ಅಂಟಿಸಿ. ಅದಕ್ಕೋಸ್ಕರ ಯಾರಾದರೂ ಸಾಸಿವೆಯನ್ನು ಮತ್ತೆ ಬಿತ್ತಿ ಬೆಳೆಯುತ್ತಾರಾ?

ಚೀಟಿ ಬದಲಿಸುವ ಮೊದಲು ಅಳತೆ ತೆಗೆಯಿರಿ. ಬರೀ ಮುಖ ನೋಡಿ ತೀರ್ಮಾನ ಮಾಡಬೇಡಿ, ಮದುವೆ ಮನೆಯಲ್ಲಿ ನಿಜವಾಗಲೂ ದಪ್ಪ ಇರುವವರೂ ಇರುತ್ತಾರೆ. ದುಂಡಗಿನ ವಸ್ತು ಹುಡುಕಿ. ಎಲೆಯ ಮೇಲಿನ ಹಪ್ಪಳ, ಹೋಳಿಗೆ ಆಗುವುದಿಲ್ಲ. ಬದಿಯಿಂದ ನೋಡಿದರೆ ದುಂಡಗಿನದೆಲ್ಲ ಮೊಟ್ಟೆಯೇ. ಕ್ಯಾಮೆರಾಗೆ ಎದುರಾಗಿ ನೇತಾಡುವ ಗೋಡೆ ಗಡಿಯಾರ ಸಿಕ್ಕಿದರೆ ಬಂಗಾರ. ಅಲ್ಲಿ ವಿಡಿಯೋ ನಿಲ್ಲಿಸಿ, ಮಾನಿಟರ್ ಮೇಲೆ ಅಡಿಪಟ್ಟಿ ಇಟ್ಟು ಅಗಲ, ಎತ್ತರ ಎರಡೂ ಅಳೆಯಿರಿ. ಅಗಲವನ್ನು ಎತ್ತರದಿಂದ ಭಾಗಿಸಿ. 1.33 ಬಂದರೆ 4:3ರ ಚಿತ್ರವನ್ನು 16:9 ಅಂತ ಎಳೆದಿದ್ದಾರೆ ಅಂತಲೇ ಅರ್ಥ. 1 ಬಂದರೆ ಮುಟ್ಟಬೇಡಿ. ಪ್ರತಿ ಟೇಪಿಗೂ ಬೇರೆ ಬೇರೆ ಅಳೆಯಿರಿ.

ಆಮೇಲೆ ಎಂಕೆವಿಟೂಲ್‌ನಿಕ್ಸ್ ಇಳಿಸಿಕೊಳ್ಳಿ. ದುಡ್ಡಿಲ್ಲ. ತೆರೆದರೆ ಮಲ್ಟಿಪ್ಲೆಕ್ಸರ್ ಅಂತ ಇರುತ್ತದೆ, ಅದರೊಳಗೆ ನಿಮ್ಮ ಎಂಪಿ4 ಎಳೆದು ಹಾಕಿ. ಕೆಳಗೆ ಟ್ರ್ಯಾಕ್‌ಗಳ ಪಟ್ಟಿ ಬರುತ್ತದೆ, ಅದರಲ್ಲಿ ವಿಡಿಯೋ ಇರುವ ಸಾಲು ಮುಟ್ಟಿ. ಬಲಗಡೆ ವಿಡಿಯೋಗೆ ಸಂಬಂಧಪಟ್ಟ ಸೆಟ್ಟಿಂಗ್‌ನಲ್ಲಿ ಆಸ್ಪೆಕ್ಟ್ ರೇಶಿಯೋ ಅಂತ ಸಿಗುತ್ತದೆ. ಅಲ್ಲಿ 4/3 ಹಾಕಿ, ಶುರು ಮಾಡುವ ಬಟನ್ ಒತ್ತಿ. ಇನ್ನೊಂದು ಫೈಲ್ ಬರುತ್ತದೆ, ಎಂಕೆವಿ. ಒಳಗಿನ ಚಿತ್ರ, ಸೌಂಡ್ ಎರಡೂ ಇದ್ದದ್ದು ಇದ್ದ ಹಾಗೆ, ಡಬ್ಬಿ ಮಾತ್ರ ಹೊಸದು. ಫೈಲ್ ಕಾಪಿ ಮಾಡೋಕೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು.

ಆಮೇಲೆ ಮನಸ್ಸು ಬದಲಾದರೆ ಇಷ್ಟೂ ಮಾಡಬೇಕಿಲ್ಲ. ಅದರಲ್ಲೇ ಹೆಡರ್ ಎಡಿಟರ್ ಅಂತ ಇದೆ. ಎಂಕೆವಿ ತೆರೆದು, ಡಿಸ್‌ಪ್ಲೇ ವಿಡ್ತ್ 768, ಡಿಸ್‌ಪ್ಲೇ ಹೈಟ್ 576 ಅಂತ ಬರೆದು ಸೇವ್ ಮಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ.

ಯಾವುದು ಆಗುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ. ಚಿತ್ರದ ಮೇಲೆ ಕೆಳಗೆ ಕತ್ತರಿಸಿ ಅಗಲ ಮಾಡಿದ್ದರೆ, ಅಂದರೆ ತಲೆಗೂದಲು, ಕಾಲು ಫ್ರೇಮಿನಿಂದ ಹೊರಗೆ ಹೋಗಿದ್ದರೆ, ಯಾವ ಚೀಟಿಯೂ ಅದನ್ನು ವಾಪಸ್ ತರುವುದಿಲ್ಲ. ಮತ್ತೆ ಟೇಪಿಗೇ ಹೋಗಬೇಕು. ಎಡಬಲ ಕಪ್ಪು ಪಟ್ಟಿಯನ್ನು ಚಿತ್ರದಲ್ಲೇ ಸೇರಿಸಿಬಿಟ್ಟಿದ್ದರೆ ಅದೂ ತಲೆನೋವು. ನೀವು ಹೇಳಿದ್ದು ನೋಡಿದರೆ ನಿಮ್ಮದು ಇವೆರಡೂ ಅಲ್ಲ.

ಕ್ಯಾಸೆಟ್ ಎಸೆಯಬೇಡಿ. ಎಂಪಿ4 ಚೆನ್ನಾಗಿದೆ ಅಂತ ಎಸೆದವರು ನನ್ನ ಹತ್ತಿರ ಬಂದು ಅತ್ತಿದ್ದಾರೆ. ಸಾಧ್ಯವಾದರೆ ಅಂಗಡಿಯವರನ್ನು ಫೈರ್‌ವೈರ್ ಕೇಬಲ್‌ನಲ್ಲಿ ಟೇಪಿನಿಂದ ಇದ್ದ ಹಾಗೇ ಇಳಿಸಿದ ಮೂಲ ಡಿವಿ ಫೈಲ್ ಇದೆಯಾ ಅಂತ ಕೇಳಿ. ಗಂಟೆಗೆ 13 ಜಿಬಿ ಆಗುತ್ತದೆ, ಒಂದು ಹಾರ್ಡ್‌ಡಿಸ್ಕ್ ಕೊಟ್ಟರೆ ಹಾಕಿಕೊಟ್ಟಾರು. ಅದೇ ನಿಮ್ಮ ನಿಜವಾದ ನೆಗೆಟಿವ್.

ಮೊಬೈಲ್ ವಿಡಿಯೋ ವಿಷಯ ಆಮೇಲೆ ಬರೆಯುತ್ತೇನೆ, ಹಾಲಿನವನು ಬಂದ.

ಬೈಟು ಕಾಫಿ
ಭಾನುವಾರ, ಬೆಳಿಗ್ಗೆ 8.02

ಸಾಸಿವೆ ಡಬ್ಬಿ ಸೂಪರ್ ಸರ್. ನಮ್ಮನೆಯಲ್ಲಿ ಎಲ್ಲ ಡಬ್ಬಿಗೂ ತಪ್ಪು ಚೀಟಿಯೇ ಇರೋದು, ಅಮ್ಮನಿಗೆ ಮಾತ್ರ ಗೊತ್ತು.

ಹಿನ್ನೀರಿನಾಚೆ
ಭಾನುವಾರ, ಮಧ್ಯಾಹ್ನ 1.30

ಸರ್, ಗಡಿಯಾರ ಸಿಕ್ಕಿತು! ಟೇಪ್ ಒಂದರಲ್ಲಿ, ಜಗಲಿಯ ಗೋಡೆ ಮೇಲೆ. ಅಜಂತಾ ಗಡಿಯಾರ, ನಾಂದಿ ನಡೆಯುವಾಗ ಹಿಂದೆ ನೆಟ್ಟಗೆ ಕಾಣುತ್ತದೆ. ಮಗಳ ಜಾಮಿಟ್ರಿ ಬಾಕ್ಸಿನ ಅಡಿಪಟ್ಟಿ ಇಟ್ಟು ಅಳೆದೆ. ಅಗಲ 6.4 ಸೆಂಟಿಮೀಟರ್, ಎತ್ತರ 4.8. ಭಾಗಿಸಿದರೆ ಸರಿಯಾಗಿ 1.33.

ನೀವು ಹೇಳಿದ ಹಾಗೆ ಮಾಡಿದೆ. ಒಂದೂವರೆ ನಿಮಿಷದಲ್ಲಿ ಮುಗಿಯಿತು. ನಿನ್ನೆ ಐದು ಗಂಟೆ ಕಾದವಳಿಗೆ ನಂಬೋಕೇ ಆಗಲಿಲ್ಲ, ಏನೋ ತಪ್ಪಾಗಿದೆ ಅಂತ ಎರಡು ಸಲ ನೋಡಿದೆ. ಈಗ ಗಡಿಯಾರ 4.8, 4.8. ಜರಿ ಅಂಚೂ ಹಾಗೇ ಇದೆ.

ಖುಷಿಯಲ್ಲಿ ಐದನ್ನೂ ಒಂದರ ಹಿಂದೆ ಒಂದು ಮಾಡಿ ಮುಗಿಸಿದೆ. ಈಗ ಟೇಪ್ ನಾಲ್ಕರಲ್ಲಿ ಬೇರೆ ತಕರಾರು. ಅದರಲ್ಲಿ ಎಲ್ಲರೂ ಸಣಕಲು! ಚಿಕ್ಕಮ್ಮ ಊದಿನಕಡ್ಡಿ ಆಗಿದ್ದಾರೆ. ಫೈಲ್ ಕೆಟ್ಟುಹೋಯಿತಾ?

ಸ್ಕೋಪ್ ಲೆನ್ಸ್
ಭಾನುವಾರ, ಮಧ್ಯಾಹ್ನ 2.10

ಪ್ರತಿ ಟೇಪಿಗೂ ಬೇರೆ ಬೇರೆ ಅಳೆಯಿರಿ ಅಂದಿದ್ದೆ, ಅಲ್ವಾ?

ಫೈಲ್ ಕೆಟ್ಟಿಲ್ಲ. ನಾಲ್ಕನೇ ಟೇಪ್ ಬೇರೆ ಕ್ಯಾಮೆರಾದ್ದು ಇರಬೇಕು, ಯಾರೋ ವೈಡ್ ಒತ್ತಿ ತೆಗೆದಿದ್ದಾರೆ. ಅದರ 16:9 ಚೀಟಿ ಸರಿಯಾಗಿಯೇ ಇತ್ತು. ಬಹುಶಃ ಅಂಗಡಿಯವರು ಆ ಒಂದಕ್ಕೆ ಹೊಂದಿಸಿದ ಸೆಟ್ಟಿಂಗನ್ನೇ ಇಟ್ಟು ಐದನ್ನೂ ತಳ್ಳಿದ್ದಾರೆ. ಬೈಯೋಣ ಅಂದರೆ ನೀವೂ ಈಗ ಮಾಡಿದ್ದು ಅದನ್ನೇ.

ಅದರಲ್ಲೂ ಒಂದು ದುಂಡಗಿನದು ಹುಡುಕಿ ಅಳೆಯಿರಿ.

ಹಿನ್ನೀರಿನಾಚೆ
ಭಾನುವಾರ, ಮಧ್ಯಾಹ್ನ 3.25

ಸಿಕ್ಕಿಬಿದ್ದೆ. ಹೌದು, ನಾಲ್ಕನೆಯದು ಭಾವನ ಗೆಳೆಯ ತಂದಿದ್ದ ಕ್ಯಾಮೆರಾದ್ದಂತೆ, ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಗಡಿಯಾರ ಇಲ್ಲ. ಆದರೆ ಹೆಣ್ಣು ಒಪ್ಪಿಸಿ ಕಳಿಸುವಾಗ ಅಂಬಾಸಿಡರ್ ಕಾರು ನೇರ ಕ್ಯಾಮೆರಾ ಮುಂದೆ ಬಂದು ನಿಲ್ಲುತ್ತದೆ. ಅದರ ಹೆಡ್‌ಲೈಟ್ ಅಳೆದೆ: ಅಗಲ 1.5, ಎತ್ತರ 2. ಅಂದರೆ 0.75. ಹೆಡರ್ ಎಡಿಟರ್‌ನಲ್ಲಿ ಅಗಲ 1024 ಮಾಡಿ ಸೇವ್ ಕೊಟ್ಟೆ. ಲೈಟು ದುಂಡಗಾಯಿತು. ಚಿಕ್ಕಮ್ಮನೂ.

ಅಕ್ಕ ಅಳೋದು ಇದೇ ಟೇಪಿನಲ್ಲಿ. ಎಲ್ಲರೂ ಅಳುವಾಗ ನಾನು ಕಾರಿನ ಹೆಡ್‌ಲೈಟ್ ಅಳೆಯುತ್ತಾ ಕೂತಿದ್ದೆ.

ಗುಡ್ಡದ ಗಾಳಿ
ಭಾನುವಾರ, ಸಂಜೆ 5.40

ಒಂದು ತಕರಾರು. 768 ಕೂಡ ಪೂರ್ತಿ ಸರಿ ಅಲ್ಲ. 720 ಚುಕ್ಕಿಯಲ್ಲಿ 4:3 ಚಿತ್ರ ಕೂರುವುದು ನಡುವಿನ 704ರಲ್ಲಿ ಮಾತ್ರ, ಎಡಕ್ಕೆ ಎಂಟು, ಬಲಕ್ಕೆ ಎಂಟು ಅಂಚು. ಆ ಲೆಕ್ಕದಲ್ಲಿ ಒಂದು ಚುಕ್ಕಿಯ ಅಗಲ ಎತ್ತರ 16:15 ಅಲ್ಲ, 12:11.

ಸ್ಕೋಪ್ ಲೆನ್ಸ್
ಭಾನುವಾರ, ಸಂಜೆ 6.30

ನಿಮ್ಮ ಲೆಕ್ಕ ತಪ್ಪಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಮಾಡುವವರೇ ಒಂದು ಕಾಲದಲ್ಲಿ ಒಂದು, ಇನ್ನೊಂದು ಕಾಲದಲ್ಲಿ ಇನ್ನೊಂದು ಹಿಡಿದವರು. ಆದರೆ ವ್ಯತ್ಯಾಸ ನೂರಕ್ಕೆ ಎರಡು ಚಿಲ್ಲರೆ. ತಂಗಿಯ ಗಡಿಯಾರದಲ್ಲಿ ಅದು ಒಂದು ಮಿಲಿಮೀಟರ್. ಅಡಿಪಟ್ಟಿ ಹಿಡಿದ ಕೈ ಅಷ್ಟು ನಡುಗುತ್ತದೆ. ನಾನು 768ಕ್ಕೇ ಬಿಡುತ್ತೇನೆ.

ಈಗ ತೊಡೆದೇವು. ಫೋನ್ ನೆಟ್ಟಗೇ ಹಿಡಿದಿದ್ದೆ ಅಂದಿರಲ್ಲ, ಆದರೆ ಮಡಕೆಯ ಮೇಲಿನಿಂದ ಕೆಳಕ್ಕೆ ಬಗ್ಗಿಸಿ ಹಿಡಿದಿದ್ದಿರಿ, ಸರಿಯಾ? ಮಗುಚಿಟ್ಟ ಮಡಕೆ ಮೇಲೆ ಅಜ್ಜಿ ಹಿಟ್ಟು ಸವರುವುದು ಕಾಣಬೇಕು ಅಂದರೆ ಹಾಗೇ ಹಿಡಿಯಬೇಕು. ಫೋನಿಗೆ ಮೇಲೆ ಯಾವುದು, ಕೆಳಗೆ ಯಾವುದು ಅಂತ ಗೊತ್ತಾಗುವುದು ಭೂಮಿಯ ಸೆಳೆತದಿಂದ. ಫೋನ್ ನೆಲಕ್ಕೆ ಮುಖ ಮಾಡಿ ಮಲಗಿದರೆ ಅದಕ್ಕೆ ನಾಲ್ಕು ದಿಕ್ಕೂ ಒಂದೇ. ರೆಕಾರ್ಡ್ ಒತ್ತಿದ ಗಳಿಗೆಯಲ್ಲಿ ಯಾವುದೋ ಒಂದನ್ನು ಹಿಡಿದು, 90 ಡಿಗ್ರಿ ತಿರುಗಿಸು ಅಂತಲೋ, ತಿರುಗಿಸಬೇಡ ಅಂತಲೋ ಫೈಲಿನಲ್ಲಿ ಬರೆದುಬಿಡುತ್ತದೆ. ಇದೂ ಚೀಟಿಯೇ, ಚಿತ್ರ ಅಲ್ಲ.

ಇದನ್ನು ಎಂಪಿ4 ಒಳಗೇ ತಿದ್ದಿ. ಎಂಕೆವಿಗೆ ಹಾಕಿದರೆ ತಿರುಗಿಸುವ ಚೀಟಿಯನ್ನು ಓದದ ಪ್ಲೇಯರ್‌ಗಳೇ ಜಾಸ್ತಿ. ನನಗೆ ಕಪ್ಪು ಪರದೆಯ ಕಮಾಂಡ್ ಬರೆಯುವುದು ಅಷ್ಟು ಒಗ್ಗುವುದಿಲ್ಲ, ಗೊತ್ತಿರುವವರು ಹೇಳಿ.

ತುದಿಬೆರಳು
ಭಾನುವಾರ, ರಾತ್ರಿ 9.10

ನಾನು ಹೇಳುತ್ತೇನೆ. ಕಮಾಂಡ್ ಬರೆದು ನಡೆಸುವ ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರ್ ಬೇಕು, 6.0 ಅಥವಾ ಅದಕ್ಕಿಂತ ಹೊಸದು. ಕನ್ನಡ ಕೀಬೋರ್ಡ್‌ನಲ್ಲೇ ಬರೆಯುತ್ತಿದ್ದೇನೆ, ನೀವು ಓದಿದ ಹಾಗೇ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ.

ಮೊದಲು ಎಫ್‌ಎಫ್‌ಎಂಪೆಗ್. ಆಮೇಲೆ ಹೈಫನ್ ಹಾಕಿ ಡಿಸ್‌ಪ್ಲೇ ಅಂಡರ್‌ಸ್ಕೋರ್ ರೊಟೇಶನ್, ಸ್ಪೇಸ್, 90. ಆಮೇಲೆ ಹೈಫನ್ ಐ, ಸ್ಪೇಸ್, ನಿಮ್ಮ ಫೈಲ್ ಹೆಸರು. ಆಮೇಲೆ ಹೈಫನ್ ಸಿ, ಸ್ಪೇಸ್, ಕಾಪಿ. ಕೊನೆಗೆ ಹೊಸ ಫೈಲ್ ಹೆಸರು. ತಿರುಗಿಸುವ ಮಾತು ಹೈಫನ್ ಐಗಿಂತ ಮೊದಲೇ ಬರಬೇಕು, ಆಮೇಲೆ ಹಾಕಿದರೆ ಬೈಯುತ್ತದೆ. 90 ಅಂದರೆ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ. ಅಜ್ಜಿ ತಲೆಕೆಳಗಾದರೆ 270 ಹಾಕಿ ಇನ್ನೊಮ್ಮೆ ಮಾಡಿ. ಜೀವ ಇರುವುದು ಆ ಕಾಪಿ ಅನ್ನೋ ಪದದಲ್ಲಿ. ಅದನ್ನು ಬಿಟ್ಟರೆ ಮತ್ತೆ ರೆಂಡರ್ ಶುರು ಮಾಡುತ್ತದೆ.

ಹಿನ್ನೀರಿನಾಚೆ
ಮುಂದಿನ ಶನಿವಾರ, ಸಂಜೆ 7.15

ಊರಿನಿಂದ ಬರೆಯುತ್ತಿದ್ದೇನೆ. ಅಜ್ಜಿ ವಿಡಿಯೋ 270ಕ್ಕೆ ನೆಟ್ಟಗಾಯಿತು. ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಸರಿ.

ಆದರೆ ಅಮ್ಮನ ಟೀವಿ ಕೇಳುತ್ತಿಲ್ಲ. ಮದುವೆಯ ಎಂಕೆವಿ ಹಾಕಿದರೆ ಮತ್ತೆ ಅಗಲ. ಅದೇ ಪೆನ್‌ಡ್ರೈವ್ ಲ್ಯಾಪ್‌ಟಾಪಿಗೆ ಹಾಕಿದರೆ ಸರಿ ಇದೆ. ಅಮ್ಮ "ಬಿಡೇ, ದಪ್ಪ ಇದ್ದರೂ ಅವರೇ" ಅನ್ನುತ್ತಿದ್ದಾರೆ. ನಾನು ಬಿಡೋದಿಲ್ಲ.

ಸ್ಕೋಪ್ ಲೆನ್ಸ್
ಶನಿವಾರ, ರಾತ್ರಿ 7.50

ಮೊದಲು ಟೀವಿ ರಿಮೋಟ್ ತಗೊಳ್ಳಿ. ಸೆಟ್ಟಿಂಗ್‌ನಲ್ಲಿ ಪಿಕ್ಚರ್ ಸೈಜ್ ಅಂತ ಇರುತ್ತದೆ. ಅದು ವೈಡ್ ಅಥವಾ ಜೂಮ್ ಅಂತ ಇದ್ದರೆ ನೀವು ಯಾವ ಚೀಟಿ ಅಂಟಿಸಿದರೂ ಅದು ಓದುವುದಿಲ್ಲ. ಆಟೋ ಅಥವಾ ಒರಿಜಿನಲ್ ಮಾಡಿ.

ಅದಕ್ಕೂ ಜಗ್ಗದಿದ್ದರೆ ಮೀಡಿಯಾಇನ್ಫೋದಲ್ಲಿ ಎಂಕೆವಿ ತೆರೆದು ನೋಡಿ. ಡಿಸ್‌ಪ್ಲೇ ಆಸ್ಪೆಕ್ಟ್ ರೇಶಿಯೋ 4:3 ಅಂತ ಬಂದು, ಅದರ ಕೆಳಗೆ ಒರಿಜಿನಲ್ ಅಂತ ಇನ್ನೊಂದು ಸಾಲಿನಲ್ಲಿ 16:9 ಇದೆಯಾ?

ಹಿನ್ನೀರಿನಾಚೆ
ಶನಿವಾರ, ರಾತ್ರಿ 8.20

ರಿಮೋಟ್ ಆಟೋಗೆ ಇಟ್ಟೆ, ಏನೂ ಆಗಲಿಲ್ಲ. ಮತ್ತೆ ಹೌದು, ಎರಡು ಸಾಲೂ ಇದೆ! 4:3 ಒಂದು, ಕೆಳಗೆ ಒರಿಜಿನಲ್ 16:9. ಅದು ಹೇಗೆ ಗೊತ್ತಾಯಿತು?

ಸ್ಕೋಪ್ ಲೆನ್ಸ್
ಶನಿವಾರ, ರಾತ್ರಿ 8.35

ಚೀಟಿ ಎರಡು ಕಡೆ ಇರುತ್ತದೆ. ಡಬ್ಬಿಯ ಹೊರಗೆ ಒಂದು, ಅದನ್ನು ನಾವು ಬದಲಿಸಿದೆವು. ಒಳಗೆ ಎಚ್264 ಚಿತ್ರದ ಜೊತೆಗೇ ಸುತ್ತಿಟ್ಟ ಪೊಟ್ಟಣದ ಮೇಲೆ ಇನ್ನೊಂದು. ಕಂಪ್ಯೂಟರ್ ಪ್ಲೇಯರ್‌ಗಳು ಸಾಮಾನ್ಯವಾಗಿ ಹೊರಗಿನದಕ್ಕೆ ಮರ್ಯಾದೆ ಕೊಡುತ್ತವೆ. ಕೆಲವು ಟೀವಿಗಳು ಡಬ್ಬಿ ತೆರೆದು ಒಳಗಿನದನ್ನು ಮಾತ್ರ ಓದುತ್ತವೆ. ನಿಮ್ಮ ಟೀವಿ ಆ ಜಾತಿ. ತುದಿಬೆರಳು ಅವರೇ, ಒಳಗಿನ ಚೀಟಿ ತಿದ್ದುವುದು ನಿಮ್ಮ ಕಪ್ಪು ಪರದೆಯಲ್ಲಿ ಆಗುತ್ತದೆ ಅಲ್ವಾ?

ತುದಿಬೆರಳು
ಶನಿವಾರ, ರಾತ್ರಿ 9.00

ಆಗುತ್ತದೆ, ಮತ್ತೆ ರೆಂಡರ್ ಇಲ್ಲದೆಯೇ. ಅಂಗಡಿಯವರು ಕೊಟ್ಟ ಮೂಲ ಎಂಪಿ4 ಇಂದ ಶುರು ಮಾಡಿ, ಎಂಕೆವಿ ಬೇಡ.

ಎಫ್‌ಎಫ್‌ಎಂಪೆಗ್, ಹೈಫನ್ ಐ, ಫೈಲ್ ಹೆಸರು, ಹೈಫನ್ ಸಿ, ಕಾಪಿ. ಇಲ್ಲಿವರೆಗೆ ಮೊನ್ನೆಯದೇ. ಈಗ ಹೈಫನ್ ಬಿಎಸ್‌ಎಫ್ ಕೋಲನ್ ವಿ, ಸ್ಪೇಸ್. ಆಮೇಲೆ ನಡುವೆ ಎಲ್ಲೂ ಸ್ಪೇಸ್ ಬಿಡದೆ: ಎಚ್264 ಅಂಡರ್‌ಸ್ಕೋರ್ ಮೆಟಾಡೇಟಾ, ಈಕ್ವಲ್ ಗುರುತು, ಸ್ಯಾಂಪಲ್ ಅಂಡರ್‌ಸ್ಕೋರ್ ಆಸ್ಪೆಕ್ಟ್ ಅಂಡರ್‌ಸ್ಕೋರ್ ರೇಶಿಯೋ, ಮತ್ತೆ ಈಕ್ವಲ್ ಗುರುತು, 16/15. ಸ್ಪೇಸ್ ಬಿಟ್ಟು ಹೈಫನ್ ಆಸ್ಪೆಕ್ಟ್, ಸ್ಪೇಸ್, 4:3. ಕೊನೆಗೆ ಹೊಸ ಎಂಪಿ4 ಹೆಸರು.

16/15 ಬರೆಯುವುದು ಒಳಗಿನ ಚೀಟಿಗೆ, 4:3 ಹೊರಗಿನದಕ್ಕೆ. ಗಾಬರಿ ಬೇಡ, ಎರಡೂ ಒಂದೇ ಮಾತು. ಒಳಗಡೆ ಒಂದು ಚುಕ್ಕಿಯ ಆಕಾರ ಬರೆಯುತ್ತೇವೆ, ಹೊರಗಡೆ ಇಡೀ ಚಿತ್ರದ ಆಕಾರ. 720ನ್ನು 16ರಿಂದ ಗುಣಿಸಿ 15ರಿಂದ ಭಾಗಿಸಿ ನೋಡಿ, 768 ಬರುತ್ತದೆ. ಒಳಗಡೆ ತಪ್ಪಿ 4/3 ಅಂತ ಹಾಕಿದರೆ ಎಲ್ಲರೂ ಮತ್ತೆ ದಪ್ಪ ಆಗುತ್ತಾರೆ. ನಾನು ಒಂದು ಸಲ ಹಾಗೆ ಮಾಡಿ ಅರ್ಧ ದಿನ ತಲೆ ಕೆರೆದುಕೊಂಡಿದ್ದೇನೆ.

ಟೇಪ್ ನಾಲ್ಕನ್ನು ಮುಟ್ಟಬೇಡಿ. ಅಂಗಡಿಯವರು ಕೊಟ್ಟಿದ್ದೇ ಹಾಕಿ.

ಹಿನ್ನೀರಿನಾಚೆ
ಶನಿವಾರ, ರಾತ್ರಿ 10.45

ಬಂತು!! ಟೀವಿಯಲ್ಲಿ ಎಡಬಲ ಕಪ್ಪು, ನಡುವೆ ಚಿತ್ರ, ಜಗಲಿ ಗಡಿಯಾರ ದುಂಡಗೆ. ಒಂದು ಸಲ ಅಂಡರ್‌ಸ್ಕೋರ್ ಬದಲು ಹೈಫನ್ ಹಾಕಿ ಬೈಸಿಕೊಂಡೆ, ಎರಡನೇ ಸಲಕ್ಕೆ ಆಯಿತು.

ಧಾರೆ ಬಂದಾಗ ಅಮ್ಮ ಏನೂ ಹೇಳಲಿಲ್ಲ, ಕೈಯಲ್ಲಿದ್ದ ಹೂವಿನ ಬುಟ್ಟಿ ಕೆಳಗಿಟ್ಟರು. ಆಮೇಲೆ "ಆ ಶಲ್ಯ ನಾನೇ ಆರಿಸಿದ್ದು" ಅಂದರು. ಸ್ವಲ್ಪ ಹೊತ್ತಿಗೆ ಎಡಬಲದ ಕಪ್ಪು ಯಾಕೆ, ಟೀವಿ ಹಾಳಾಯಿತಾ ಅಂತಲೂ ಕೇಳಿದರು.

ಅಜ್ಜಿಯ ತೊಡೆದೇವು ಮಾತ್ರ ಈ ಟೀವಿಯಲ್ಲಿ ಇನ್ನೂ ಮಲಗೇ ಇದೆ. ಅದಕ್ಕೂ ಒಳಗೆ ಚೀಟಿ ಇದೆಯಾ?

ಸ್ಕೋಪ್ ಲೆನ್ಸ್
ಭಾನುವಾರ, ಬೆಳಿಗ್ಗೆ 6.05

ಹಠ ಬಿಡಿ, ಮೂರು ನಿಮಿಷದ ವಿಡಿಯೋ. ಟೀವಿಗೆ ಅಂತ ಒಂದು ಪ್ರತಿಯನ್ನು ಹ್ಯಾಂಡ್‌ಬ್ರೇಕ್‌ನಲ್ಲಿ ರೆಂಡರ್ ಮಾಡಿ. ಮೂಲ ಫೈಲನ್ನು ಬೇರೆ ಎತ್ತಿಡಿ. ಗುಡ್ಡದ ಗಾಳಿಯವರಿಗೂ ಸಮಾಧಾನ ಆಗಲಿ.

ಬೈಟು ಕಾಫಿ
ಭಾನುವಾರ, ಬೆಳಿಗ್ಗೆ 8.30

ಆ ತೊಡೆದೇವು ವಿಡಿಯೋ ನಮಗೂ ಹಾಕಿ ಮೇಡಂ. ಅಡ್ಡ ಇದ್ದರೂ ಪರವಾಗಿಲ್ಲ, ತಲೆ ವಾಲಿಸಿಕೊಂಡು ನೋಡುತ್ತೇವೆ.